ವಂಶಾವಳಿಗೂ ನೀರಿನ ಪೈಪಿಗೂ ಒಂದೇ ಟೇಬಲ್ ಸಾಕಾ?

ಆಳಂದ_ಹುಡುಗ:
ಎಲ್ಲರಿಗೂ ನಮಸ್ಕಾರ. ನಾನು ಆಳಂದ ಕಡೆಯವನು, ಕಲಬುರಗಿಯಲ್ಲಿ ಸಣ್ಣಪುಟ್ಟ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ. ಈಗ ಕೈಯಲ್ಲಿ ಎರಡು ಕೆಲಸ ಇವೆ.

ಒಂದು ನಮ್ಮ ಮನೆತನದ ವಂಶಾವಳಿ. ಹೆಳವರು ಊರಿಗೆ ಬಂದಾಗ ಅವರು ಹೇಳಿದ್ದನ್ನೆಲ್ಲ ಮೂರು ದಿನ ಕೂತು ಬರೆದುಕೊಂಡೆ. ಸೊಸೆ, ಅಳಿಯ ಎಲ್ಲ ಸೇರಿ 412 ಮಂದಿ. ಇನ್ನೊಂದು ನಮ್ಮೂರ ಕುಡಿಯುವ ನೀರಿನ ಪೈಪು. ಟ್ಯಾಂಕಿನಿಂದ ಓಣಿ ಓಣಿಗೆ ಹೋಗುವ ಪೈಪು, ವಾಲ್, ನಳ. ಒಟ್ಟು 260 ಜಾಗ, 264 ಪೈಪ್ ತುಂಡು. ನೀರು ಬಿಡುವ ಕಾಕಾ ಮುಂದಿನ ವರ್ಷ ಕೆಲಸ ಬಿಡುತ್ತಾರೆ. ಯಾವ ವಾಲ್ ಎಲ್ಲಿಗೆ ಅನ್ನೋದು ಅವರ ತಲೆಯಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಅದಕ್ಕೇ ಈ ಕೆಲಸ ನನಗೆ ಮುಖ್ಯ.

ಎರಡರಲ್ಲೂ ಇರುವುದು ಚುಕ್ಕೆ (ಮನುಷ್ಯ, ಇಲ್ಲವೇ ಜಾಗ) ಮತ್ತು ಗೆರೆ (ಸಂಬಂಧ, ಇಲ್ಲವೇ ಪೈಪು), ಅಲ್ವಾ? ಹಾಗಾಗಿ ‘ಯಾರಿಂದ, ಯಾರಿಗೆ’ ಅನ್ನುವ ಒಂದೇ ಟೇಬಲ್ ಮಾಡಿದೆ. ಚಿತ್ರ ಬಿಡಿಸುವ ಲೈಬ್ರರಿ (ಸಿದ್ಧ ಕೋಡು) ಕೂಡ ಒಂದೇ. ಚುಕ್ಕೆಗಳು ಸ್ಪ್ರಿಂಗ್ ಕಟ್ಟಿದ ಹಾಗೆ ಎಳೆದಾಡಿ ತಾವೇ ಜಾಗ ಹಿಡಿಯುತ್ತವಲ್ಲ, ಅದು. ಈಗ ವಂಶಾವಳಿ ನೋಡಿದರೆ ಜಾಲಿ ಕಂಟಿ ಇದ್ದ ಹಾಗಿದೆ. ಇನ್ನೊಂದು ತೊಂದರೆ: ಮೂಲ ಅಜ್ಜನ ಸಂತಾನ ಕೈಯಲ್ಲಿ ಎಣಿಸಿದರೆ 287. ಪ್ರೋಗ್ರಾಂ 306 ಅನ್ನುತ್ತದೆ. ಎಲ್ಲಿ ತಪ್ಪಿದೆ?

ಭಾಲ್ಕಿ_ಟು_ಬೆಂಗಳೂರು:
ಟೇಬಲ್ ಬಿಡಿ. ನಿಯೋ ಫೋರ್ ಜೆ ಹಾಕಿ. ಚುಕ್ಕೆ-ಗೆರೆಯ ಜಾಲಕ್ಕೇ ಗ್ರಾಫ್ ಅನ್ನೋದು, ಗ್ರಾಫ್ ಡೇಟಾಗೆ ಗ್ರಾಫ್ ಡೇಟಾಬೇಸ್. ಅದರ ಸೈಫರ್ ಭಾಷೆಯಲ್ಲಿ ಎರಡು ಸಾಲು ಬರೆದರೆ ನಾಲ್ಕು ತಲೆಮಾರು ಬರುತ್ತದೆ.

ಕಾಗಿಣಾ:
412 ಮಂದಿಗೆ ಅದು ಬೇಡ ತಮ್ಮಾ. ಇದು ಎಸ್‌ಕ್ಯೂಲೈಟ್ ಅನ್ನುವ ಒಂದೇ ಫೈಲಿನ ಡೇಟಾಬೇಸಿನಲ್ಲಿ ಆರಾಮಾಗಿ ಕೂರುತ್ತದೆ. ಪೆನ್‌ಡ್ರೈವಿನಲ್ಲಿ ಹಾಕಿ ಕಾಕಾನಿಗೆ ಕೊಡಬಹುದು. ಸರ್ವರ್ ನೋಡಿಕೊಳ್ಳೋರು ಯಾರು?

19 ಜಾಸ್ತಿ ಯಾಕೆ ಬಂತು ಅಂದರೆ, ನಿಮ್ಮ ಮನೆತನದಲ್ಲಿ ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ತಂದುಕೊಂಡಿದ್ದಾರೆ, ಅಲ್ವಾ? ನಮ್ಮ ಕಡೆ ಇದು ಎಲ್ಲ ಮನೆಯಲ್ಲೂ ಇದೆ. ಆಗ ಹುಟ್ಟಿದ ಮಗುವಿಗೆ ಮೂಲ ಅಜ್ಜನಿಗೆ ಹೋಗುವ ದಾರಿ ಎರಡು. ತಂದೆ ಕಡೆಯಿಂದ ಒಂದು, ತಾಯಿ ಕಡೆಯಿಂದ ಒಂದು. ನಿನ್ನ ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ದಾರಿಗಳನ್ನು ಎಣಿಸಿದೆ, ಮಂದಿಯನ್ನಲ್ಲ.

ಆಳಂದ_ಹುಡುಗ:
ಹೌದು ಅಕ್ಕಾ, ಅಂಥ ಮದುವೆ ಏಳೆಂಟು ಇವೆ. ಮಗು, ಮಗುವಿನ ಮಗು ಅಂತ ಇಳಿಯುತ್ತಾ ಹೋಗುವ ‘ವಿತ್ ರಿಕರ್ಸಿವ್’ ಬಳಸಿದ್ದೇನೆ. ‘ಯೂನಿಯನ್ ಆಲ್’ ತೆಗೆದು ಬರೀ ‘ಯೂನಿಯನ್’ ಹಾಕಿದೆ. ಅದು ಒಂದೇ ಥರದ ಸಾಲು ಎರಡು ಸಲ ಬಂದರೆ ತೆಗೆಯುತ್ತದಲ್ಲ. ಆದರೂ ಈಗ 298 ಬರುತ್ತಿದೆ.

ಕಾಗಿಣಾ:
ತಲೆಮಾರಿನ ನಂಬರ್ ಅಂತ ಒಂದು ಕಾಲಂ ಜೊತೆಗೆ ಇಟ್ಟಿದ್ದೀಯಾ?

ಆಳಂದ_ಹುಡುಗ:
ಇಟ್ಟಿದ್ದೇನೆ.

ಕಾಗಿಣಾ:
ಅಲ್ಲೇ ಇದೆ ನೋಡು. ಅಜ್ಜನ ಮಗ ತನ್ನ ಅಕ್ಕನ ಮಗಳನ್ನು ಮದುವೆಯಾದ ಅಂತ ಇಟ್ಟುಕೋ. ಅವರ ಮಗು ತಂದೆ ಕಡೆಯಿಂದ ಅಜ್ಜನಿಗೆ ಎರಡನೇ ತಲೆಮಾರು. ತಾಯಿ ಕಡೆಯಿಂದ ಮೂರನೇದು. ಒಂದು ಸಾಲಿನಲ್ಲಿ 2, ಇನ್ನೊಂದರಲ್ಲಿ 3. ಸಾಲು ಬೇರೆ ಬೇರೆಯಾದರೆ ‘ಯೂನಿಯನ್’ ಎರಡನ್ನೂ ಉಳಿಸಿಕೊಳ್ಳುತ್ತದೆ. ಮಾವನ ಮಗಳ ಮದುವೆಯಲ್ಲಿ ಎರಡು ಕಡೆಯ ಎಣಿಕೆಯೂ ಒಂದೇ ಬರುತ್ತದೆ, ಅಲ್ಲಿ ಮಾತ್ರ ತೆಗೆದಿದೆ. ಕೊನೆಗೆ ಮನುಷ್ಯರ ನಂಬರಿನ ಮೇಲೆ, ಒಬ್ಬರನ್ನು ಒಂದೇ ಸಲ ಹಿಡಿಯುವ ‘ಡಿಸ್ಟಿಂಕ್ಟ್’ ಹಾಕಿ ಎಣಿಸು.

ಆಳಂದ_ಹುಡುಗ:
287! ಕೈಲೆಕ್ಕಕ್ಕೆ ಸರಿಯಾಗಿ ಕೂತಿತು. ಎರಡು ದಿನದಿಂದ ಇದನ್ನೇ ಹುಡುಕುತ್ತಿದ್ದೆ ಅಕ್ಕಾ.

ಸಗರನಾಡು:
ಹಾಗಾದರೆ ನಾವು ‘ವಂಶವೃಕ್ಷ’ ಅನ್ನುವುದೇ ಸರಿಯಲ್ಲ. ಗಿಡದಲ್ಲಿ ಒಡೆದ ಕೊಂಬೆ ಮತ್ತೆ ಕೂಡುವುದಿಲ್ಲ. ‘ಕಳ್ಳುಬಳ್ಳಿ’ ಅನ್ನುವ ಮಾತೇ ಸರಿ. ಬಳ್ಳಿ ಹಬ್ಬಿ ಬಂದು ಮತ್ತೆ ತನ್ನನ್ನೇ ಸುತ್ತುತ್ತದೆ.

ತೊಗರಿಹೊಲ:
ಕಂಪ್ಯೂಟರ್ ಪಾಠದಲ್ಲಿ ಇದಕ್ಕೆ ಡಿಎಜಿ ಅನ್ನುತ್ತಾರೆ ಸರ್. ದಿಕ್ಕು ಇರುತ್ತದೆ, ಸುತ್ತು ಇರುವುದಿಲ್ಲ. ಯಾರೂ ತಮ್ಮದೇ ಅಜ್ಜ ಆಗುವುದಿಲ್ಲವಲ್ಲ. ಕೋಡಿನ ಬದಲಾವಣೆಗಳನ್ನು ಉಳಿಸುವ ಗಿಟ್‌ನಲ್ಲಿ ಕಮಿಟ್‌ಗಳು ಕೂಡ ಹೀಗೇ ಇರುತ್ತವೆ, ಒಡೆದು ಮತ್ತೆ ಕೂಡುತ್ತವೆ.

ನನ್ನದೂ ಒಂದು ಪ್ರಶ್ನೆ. ನಮಗೆ ಮೊದಲು ಹೇಳಿಕೊಟ್ಟಿದ್ದು ಅಡ್ಜೆಸೆನ್ಸಿ ಮ್ಯಾಟ್ರಿಕ್ಸ್, ಅಂದರೆ ಯಾವ ಚುಕ್ಕೆಗೆ ಯಾವ ಚುಕ್ಕೆ ಸೇರಿದೆ ಅಂತ ಖಾನೆಗಳಲ್ಲಿ ಗುರುತು ಹಾಕುವ ಪಟ್ಟಿ. ಇಲ್ಲಿ ಯಾರೂ ಅದರ ಮಾತೇ ಆಡುತ್ತಿಲ್ಲ, ಯಾಕೆ?

ಕಾಗಿಣಾ:
ಲೆಕ್ಕ ಹಾಕಿ ನೋಡು. ಪೈಪಿನ ಕೆಲಸದಲ್ಲಿ 260 ಜಾಗ. ಮ್ಯಾಟ್ರಿಕ್ಸ್ ಮಾಡಿದರೆ 260 × 260, ಅಂದರೆ 67,600 ಖಾನೆ. ಪೈಪು 264. ಎರಡೂ ದಿಕ್ಕಿಗೆ ಗುರುತು ಹಾಕಿದರೂ ತುಂಬುವುದು 528 ಖಾನೆ. ಉಳಿದದ್ದೆಲ್ಲ ಸೊನ್ನೆ. ಲಿಸ್ಟ್ ಮಾಡಿದರೆ ಇರುವ ಪೈಪು ಮಾತ್ರ ಬರೆಯುತ್ತೀಯಾ. ಗೆರೆ ದಟ್ಟವಾಗಿದ್ದಾಗ, ಇಲ್ಲವೇ ‘ಇವೆರಡರ ನಡುವೆ ಗೆರೆ ಇದೆಯಾ’ ಅಂತ ಪದೇ ಪದೇ ಕೇಳಬೇಕಾದಾಗ ಮ್ಯಾಟ್ರಿಕ್ಸ್ ಒಳ್ಳೆಯದೇ.

ನಳದನೀರು:
ನಾನು ನೀರು ಸರಬರಾಜಿನಲ್ಲಿ ಎಂಜಿನಿಯರ್ ಆಗಿದ್ದವನು, ಈಗ ನಿವೃತ್ತ. ಪೈಪಿನ ಬಗ್ಗೆ ಎರಡು ಮಾತು ಹೇಳುತ್ತೇನೆ.

ವಾಲ್ ಅನ್ನು ನೀವು ಚುಕ್ಕೆ ಮಾಡಿದ್ದೀರಿ ಅನ್ನಿಸುತ್ತದೆ. ಅಮೆರಿಕದ ಪರಿಸರ ಇಲಾಖೆ 1993ರಲ್ಲಿ ಬಿಟ್ಟ ಇಪಾನೆಟ್ ಅನ್ನುವ ಸಾಫ್ಟ್‌ವೇರ್ ಇದೆ. ಪುಕ್ಕಟೆ ಸಿಗುತ್ತದೆ, ನೀರಿನ ಜಾಲಕ್ಕೆ ಜಗತ್ತಿನಲ್ಲೆಲ್ಲ ಅದನ್ನು ಬಳಸುತ್ತಾರೆ. ಅದರಲ್ಲಿ ಚುಕ್ಕೆ ಅಂದರೆ ಜಂಕ್ಷನ್, ಟ್ಯಾಂಕು, ಜಲಾಶಯ. ಪೈಪು, ಪಂಪು, ವಾಲ್ ಈ ಮೂರೂ ಗೆರೆ. ಅದರಲ್ಲೂ ನಾವು ಕೀಲಿ ಹಾಕಿ ತಿರುಗಿಸುವ ಗೇಟ್ ವಾಲ್ ಬೇರೆ ಗೆರೆಯೂ ಅಲ್ಲ. ಆ ಪೈಪಿನದೇ ಗುಣ: ತೆರೆದಿದೆ, ಮುಚ್ಚಿದೆ.

ಆಳಂದ_ಹುಡುಗ:
ಸರ್, ವಾಲ್ ಅಂದರೆ ನೆಲದಲ್ಲಿ ಒಂದು ಜಾಗ. ಕಲ್ಲು ಮುಚ್ಚಿದ ಗುಂಡಿ. ಕಾಕಾ ಹೋಗಿ ನಿಲ್ಲುವುದೇ ಅಲ್ಲಿ. ಅದು ಚುಕ್ಕೆ ಅಲ್ಲದೆ ಇನ್ನೇನು?

ಬಿದ್ರಿಕಲೆ:
ನಾನೂ ಹುಡುಗನ ಕಡೆ. ಯಾರು ಬೇಕಾದರೂ ಬರೆಯಬಹುದಾದ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಬೀದರ್ ಸುತ್ತಮುತ್ತ ಬರೆಯುತ್ತಿರುತ್ತೇನೆ. ಅಲ್ಲಿ ಒಂದು ಬಿಂದುವಿನಷ್ಟು ಜಾಗದಲ್ಲಿರುವುದು ನೋಡ್, ಅಂದರೆ ಚುಕ್ಕೆ. ವಾಲ್ ಇದ್ದರೆ ನಾನೂ ನೋಡ್ ಅಂತಲೇ ಹಾಕುತ್ತೇನೆ.

ನಳದನೀರು:
ನಕ್ಷೆಗೆ ಅದು ಸರಿ. ಆದರೆ ನಿಮ್ಮ ಹುಡುಗ ಕೇಳಬೇಕಾದ ಪ್ರಶ್ನೆ ಯಾವುದು? ‘ಈ ವಾಲ್ ಮುಚ್ಚಿದರೆ ಯಾವ ಓಣಿಗೆ ನೀರು ನಿಲ್ಲುತ್ತದೆ?’ ಇದೇ ತಾನೇ? ವಾಲ್ ಗೆರೆಯಾಗಿದ್ದರೆ ಆ ಗೆರೆ ತೆಗೆದು ಟ್ಯಾಂಕಿನಿಂದ ಹೊರಟು ಯಾವ ಯಾವ ಚುಕ್ಕೆ ಮುಟ್ಟುತ್ತದೆ ಅಂತ ನೋಡಿದರೆ ಸಾಕು. ಮುಟ್ಟದೆ ಉಳಿದವು ಒಣಗುವ ಓಣಿ. ಕೂಡುರಸ್ತೆಯಲ್ಲಿ ಮೂರು ಪೈಪು ಸೇರುವ ಕಡೆ ಸಾಮಾನ್ಯವಾಗಿ ಎರಡು ವಾಲ್ ಇರುತ್ತವೆ. ಆ ಜಾಗವನ್ನೇ ‘ವಾಲ್’ ಅಂತ ಒಂದು ಚುಕ್ಕೆ ಮಾಡಿದರೆ ಯಾವ ಕಡೆಯದು ಮುಚ್ಚಿದಿರಿ ಅಂತ ಹೇಳೋಕೆ ಆಗುವುದೇ ಇಲ್ಲ. ಇದು ನಾನು ಸ್ವತಃ ಪಟ್ಟ ಪಾಡು. ಒಂದು ಊರಿನಲ್ಲಿ ಮೊದಲು ಬೇರೆಯವರು ಮಾಡಿಟ್ಟ ನಕ್ಷೆ ಹೀಗೇ ಇತ್ತು. ಲೀಕ್ ಆದ ದಿನ ಅದನ್ನು ನಂಬಿ ತಪ್ಪು ವಾಲ್ ಮುಚ್ಚಿಸಿದೆ. ಆಸ್ಪತ್ರೆ ಓಣಿಗೆ ಮಧ್ಯಾಹ್ನದ ತನಕ ನೀರು ಇರಲಿಲ್ಲ. ಆಮೇಲೆ ನಾನು ಯಾವತ್ತೂ ವಾಲ್ ಅನ್ನು ಚುಕ್ಕೆ ಮಾಡಲಿಲ್ಲ.

ಬಿದ್ರಿಕಲೆ:
ಎರಡು ವಾಲ್‌ನ ವಿಷಯ ನನಗೆ ಹೊಳೆದಿರಲಿಲ್ಲ ಸರ್. ಒಪ್ಪಿದೆ. ಗುಂಡಿ ಎಲ್ಲಿದೆ ಅನ್ನುವುದನ್ನು ಆ ಗೆರೆಯ ಜೊತೆಗೆ ಬರೆದಿಟ್ಟರೆ ಎರಡೂ ಸಿಕ್ಕ ಹಾಗೆ.

ತೊಗರಿಹೊಲ:
ನಾನೂ ಲೆಕ್ಕ ಹಾಕಿದೆ. 260 ಚುಕ್ಕೆ ಸೇರಿಸೋಕೆ 259 ಗೆರೆ ಸಾಕು. ಇಲ್ಲಿ 264 ಇವೆ. ಎಲ್ಲ ಟ್ಯಾಂಕಿಗೆ ಸೇರಿದ್ದರೆ ಊರಲ್ಲಿ 5 ಸುತ್ತು ಇರಬೇಕು. ಸುತ್ತಿನಲ್ಲಿರುವ ಪೈಪು ಒಂದು ಮುಚ್ಚಿದರೆ ಯಾರಿಗೂ ನೀರು ನಿಲ್ಲುವುದಿಲ್ಲ, ಸರಿನಾ?

ನಳದನೀರು:
ಲೆಕ್ಕದಲ್ಲಿ ಸರಿ. ನೀರು ಬರುತ್ತದೆ, ಆದರೆ ಒತ್ತಡ ಕಡಿಮೆಯಾಗಬಹುದು. ಎತ್ತರದ ಓಣಿಗೆ ಏರದೇ ಇರಬಹುದು. ಅದನ್ನು ಇಪಾನೆಟ್ ಹೇಳುತ್ತದೆ, ಬರೀ ಚುಕ್ಕೆ-ಗೆರೆ ಹೇಳುವುದಿಲ್ಲ. ಅದಕ್ಕೇ ಪ್ರತಿ ಪೈಪಿನ ಉದ್ದ, ಅಗಲ, ಪ್ರತಿ ಚುಕ್ಕೆಯ ಎತ್ತರ ಈಗಲೇ ಬರೆದುಕೊಳ್ಳಿ. ಈ ಕಾಲಂಗಳು ವಂಶಾವಳಿಗೆ ಬೇಕಾ? ಒಂದೇ ಟೇಬಲ್ ಆಗುವುದಿಲ್ಲ ಅನ್ನೋದಕ್ಕೆ ಇದೊಂದೇ ಸಾಕು.

ವಾಡಿ_ಜಂಕ್ಷನ್:
ಸುತ್ತಿನ ಮಾತು ಬಂತು, ನಮ್ಮ ರೈಲು ನೋಡಿ. ಕಲಬುರಗಿ–ಶಹಾಬಾದ್–ವಾಡಿ–ಸೇಡಂ–ತಾಂಡೂರು–ವಿಕಾರಾಬಾದ್–ಬೀದರ್. 2017ರ ತನಕ ಇದು ಉದ್ದ ದಾರ ಅಷ್ಟೇ. ಆ ವರ್ಷ ಬೀದರ್–ಹುಮನಾಬಾದ್–ಕಲಬುರಗಿ ಲೈನ್ ಶುರುವಾಯಿತು, ದಾರದ ಎರಡೂ ತುದಿ ಕೂಡಿ ಸುತ್ತಾಯಿತು. ಮೊದಲು ವಾಡಿ ಮುಟ್ಟದೆ ರೈಲಿನಲ್ಲಿ ಕಲಬುರಗಿಯಿಂದ ಬೀದರ್‌ಗೆ ದಾರಿಯೇ ಇರಲಿಲ್ಲ.

ಭಾಲ್ಕಿ_ಟು_ಬೆಂಗಳೂರು:
ಇತ್ತು ಅಣ್ಣಾ. ಸೋಲಾಪುರ, ಕುರ್ಡುವಾಡಿ, ಲಾತೂರು, ಉದಗೀರ್, ನಮ್ಮ ಭಾಲ್ಕಿ, ಬೀದರ್. ದೂರ ಜಾಸ್ತಿ, ಆದರೆ ದಾರಿ ದಾರಿಯೇ.

ವಾಡಿ_ಜಂಕ್ಷನ್:
ಹೌದು, ನನ್ನ ಚಿತ್ರದಲ್ಲಿ ಸೋಲಾಪುರ ಇರಲೇ ಇಲ್ಲ. ಬಿಟ್ಟ ಒಂದು ನಿಲ್ದಾಣಕ್ಕೆ ಉತ್ತರವೇ ಬದಲಾಯಿತು. ಆದರೆ ಯಾದಗಿರಿಯ ವಿಷಯ ನೋಡಿ: ವಾಡಿಯಿಂದ ದಕ್ಷಿಣಕ್ಕೆ ರಾಯಚೂರು ಕಡೆ ಹೋಗುವ ಗೆರೆಯಲ್ಲಿದೆ, ಈ ಸುತ್ತಿನಲ್ಲಿ ಇಲ್ಲ. ವಾಡಿ ನಿಂತರೆ ಕಲಬುರಗಿಗೆ ಬರೋಕೆ ನಮ್ಮ ಯಾದಗಿರಿಯವರಿಗೆ ಬಸ್ಸೇ ಹತ್ತಿರದ ದಾರಿ.

ಸಗರನಾಡು:
ಶಹಾಪುರ, ಸುರಪುರದವರು ಹೇಗೂ ಬಸ್ಸೇ ಹಿಡಿಯುತ್ತೇವೆ!

ಅಕ್ಷರಗೂಡು:
ಹೆಸರಿನ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ಇದರಲ್ಲಿ ತುಂಬ ಸಮಯ ಕಳೆದಿದ್ದೇನೆ.

ಯೂನಿಕೋಡ್‌ನಲ್ಲಿ ‘ಬೀದರ್’ ಅಂತ ಎರಡು ಥರ ಬರೆಯಬಹುದು. ‘ಬೀ’ಯ ದೀರ್ಘ ಒಂದೇ ಸಂಕೇತವಾಗಿ ಬರಬಹುದು. ಇಲ್ಲವೇ ಗುಡಿಸು ಒಂದು ಸಂಕೇತ, ದೀರ್ಘದ ಗುರುತು ಇನ್ನೊಂದು ಸಂಕೇತ ಅಂತ ಎರಡಾಗಿ ಬರಬಹುದು. ಕಣ್ಣಿಗೆ ಒಂದೇ. ಕಂಪ್ಯೂಟರಿಗೆ ಬೇರೆ ಬೇರೆ. ಹೆಸರನ್ನೇ ಕೀಲಿ (ಗುರುತು ಹಿಡಿಯುವ ಆಧಾರ) ಮಾಡಿಕೊಂಡಿದ್ದರೆ ಒಂದೂರು ಎರಡು ಚುಕ್ಕೆ ಆಗುತ್ತದೆ, ಅರ್ಧ ಗೆರೆ ಅಲ್ಲಿಗೆ, ಅರ್ಧ ಇಲ್ಲಿಗೆ. ಡೇಟಾ ಒಳಗೆ ತಗೊಳ್ಳುವಾಗಲೇ, ಇಂಥ ಎರಡು ಬರಹವನ್ನೂ ಒಂದೇ ಸಂಕೇತಕ್ಕೆ ತರುವ ಎನ್‌ಎಫ್‌ಸಿ ರೂಪಕ್ಕೆ ತನ್ನಿ. ಪೈಥಾನ್‌ನಲ್ಲಿ ಒಂದು ಸಾಲಿನ ಕೆಲಸ. ಅಕ್ಷರಗಳ ನಡುವೆ ಕಾಣದೆ ಕೂರುವ ಜೋಡಕ ಗುರುತು ಅದರಿಂದ ಹೋಗುವುದಿಲ್ಲ, ಅದನ್ನು ಬೇರೆಯಾಗಿ ತೆಗೆಯಬೇಕು.

ಇನ್ನು ಹಳೆಯ ಕಾಗದದಲ್ಲಿ ಗುಲ್ಬರ್ಗಾ, 2014ರ ನಂತರದ್ದರಲ್ಲಿ ಕಲಬುರಗಿ. ಇದನ್ನು ಯಾವ ಎನ್‌ಎಫ್‌ಸಿಯೂ ಸರಿ ಮಾಡದು. ಪ್ರತಿ ಊರಿಗೆ ನಂಬರ್ ಕೊಡಿ, ಹೆಸರುಗಳನ್ನು ಪಕ್ಕದ ಟೇಬಲ್‌ನಲ್ಲಿ ಇಡಿ.

ಆಳಂದ_ಹುಡುಗ:
ಮನುಷ್ಯರ ಹೆಸರೂ ಹಾಗೇ. ಮೊಮ್ಮಗನಿಗೆ ಅಜ್ಜನ ಹೆಸರೇ ಇಡುತ್ತೇವಲ್ಲ. ನಮ್ಮ ಪಟ್ಟಿಯಲ್ಲಿ ಶರಣಪ್ಪ 11 ಮಂದಿ! ಮೊದಲ ದಿನ ಹೆಸರನ್ನೇ ಕೀಲಿ ಮಾಡಿದ್ದೆ. ಶರಣಪ್ಪನೇ ಶರಣಪ್ಪನ ಅಜ್ಜ ಅಂತ ಬಂದು ಪ್ರೋಗ್ರಾಂ ಸುತ್ತುತ್ತಾ ಕೂತಿತು. ಆಗಲೇ ನಂಬರ್ ಹಾಕಿದೆ.

ಇನ್ನೊಂದು ಕಷ್ಟ. ಜಾಲದ ಲೆಕ್ಕ ಮಾಡುವ ಪೈಥಾನ್ ಲೈಬ್ರರಿ ನೆಟ್‌ವರ್ಕ್‌ಎಕ್ಸ್‌ನಿಂದ ಚಿತ್ರ ತೆಗೆದರೆ ಒತ್ತಕ್ಷರ ಒಡೆದು ಬರುತ್ತವೆ. ‘ಪ್ಪ’ ಅನ್ನುವುದು ‘ಪ್‌ಪ’ ಆಗುತ್ತದೆ. ಕಾಕಾ ನೋಡಿ ಬೇಜಾರು ಮಾಡಿಕೊಂಡರು.

ಅಕ್ಷರಗೂಡು:
ಅದು ಚಿತ್ರ ಬಿಡಿಸೋಕೆ ಮ್ಯಾಟ್‌ಪ್ಲಾಟ್‌ಲಿಬ್ ಬಳಸುತ್ತದೆ. ಅದರ ಹಳೆಯ ಆವೃತ್ತಿಗಳಲ್ಲಿ ಮಾಮೂಲಿಯಾಗಿ ಒತ್ತಕ್ಷರ ಕೂಡಿಸುವ ಕೆಲಸ ನಡೆಯುವುದಿಲ್ಲ. ಲೆಕ್ಕಕ್ಕೆ ನೆಟ್‌ವರ್ಕ್‌ಎಕ್ಸ್ ಇರಲಿ, ಚಿತ್ರಕ್ಕೆ ಗ್ರಾಫ್‌ವಿಜ್ ಬಳಸಿ. ಫಾಂಟ್ ಹೆಸರು ನೋಟೋ ಸಾನ್ಸ್ ಕನ್ನಡ ಅಂತ ಕೊಡಿ, ಎಸ್‌ವಿಜಿ ಅನ್ನುವ ಚಿತ್ರದ ಫೈಲ್ ಆಗಿ ತೆಗೆಯಿರಿ. ಬ್ರೌಸರ್ ಒತ್ತಕ್ಷರ ಸರಿಯಾಗಿ ತೋರಿಸುತ್ತದೆ. ಅದರ ಡಾಟ್ ಭಾಷೆಯಲ್ಲಿ ಕನ್ನಡದಲ್ಲೇ ಬರೆಯಬಹುದು:

ಟ್ಯಾಂಕ್ -> ಗುಡಿಓಣಿ;
ಗುಡಿಓಣಿ -> ಶಾಲೆ;

ಫ್ಲೆಕ್ಸ್ ಅಂಗಡಿಗೆ ಕೊಡುವ ಮುಂಚೆ ಅಕ್ಷರಗಳನ್ನು ಗೆರೆಚಿತ್ರವಾಗಿ ಬದಲಿಸಿ ಕೊಡಿ. ಅಲ್ಲಿಯ ಕಂಪ್ಯೂಟರಿನಲ್ಲಿ ಆ ಫಾಂಟ್ ಇರದಿದ್ದರೆ ಮತ್ತೆ ಒಡೆಯುತ್ತದೆ.

ಆಳಂದ_ಹುಡುಗ:
ಗ್ರಾಫ್‌ವಿಜ್‌ನಲ್ಲಿ ತೆಗೆದೆ. ಅಕ್ಷರ ಚೆನ್ನಾಗಿ ಬಂದವು. ಮೇಲಿಂದ ಕೆಳಗೆ ಸಾಲು ಸಾಲಾಗಿ ತಲೆಮಾರು ಕೂತವು. ಗಂಡ-ಹೆಂಡತಿ ಒಂದೇ ಸಾಲಿನಲ್ಲಿ ಇರಲಿ ಅಂದೆ. ಅಣ್ಣ-ತಂಗಿ, ಅಕ್ಕ-ತಮ್ಮ ಒಂದೇ ಸಾಲಿನಲ್ಲಿ ಇರಲಿ ಅಂದೆ. ಕೆಲವು ಕಡೆ ತಾಯಿ, ಮಗಳು ಅಕ್ಕಪಕ್ಕ ಬಂದು ಕೂತಿದ್ದಾರೆ. ಇದು ಸಾಫ್ಟ್‌ವೇರ್ ತಪ್ಪಾ?

ಸಗರನಾಡು:
ತಪ್ಪು ಅದರದ್ದಲ್ಲ. ತಮ್ಮ ಅಕ್ಕನ ಮಗಳನ್ನು ತಂದ ಕಡೆ ನೋಡಿ. ಅಕ್ಕ-ತಮ್ಮ ಒಂದು ಸಾಲು ಅಂದಿರಿ. ತಮ್ಮ ಮತ್ತು ಅವನ ಹೆಂಡತಿ ಒಂದು ಸಾಲು ಅಂದಿರಿ. ಆ ಹೆಂಡತಿ ಅಕ್ಕನ ಮಗಳು. ಹಾಗಾದರೆ ಅಕ್ಕ, ಮಗಳು ಒಂದೇ ಸಾಲಿಗೆ ಬರಲೇಬೇಕು. ಎರಡರಲ್ಲಿ ಒಂದನ್ನು ಬಿಡಬೇಕು. ಯಾವ ಲೈಬ್ರರಿ ತಂದರೂ ಇಷ್ಟೇ.

ಕಾಗಿಣಾ:
ಎಷ್ಟು ಚೆನ್ನಾಗಿ ಹೇಳಿದಿರಿ! ನಾನಾದರೆ ಗಂಡ-ಹೆಂಡತಿ ಸಾಲು ಉಳಿಸಿಕೊಂಡು ತಮ್ಮನನ್ನು ಒಂದು ಮೆಟ್ಟಿಲು ಕೆಳಗೆ ಇಳಿಸುತ್ತೇನೆ. ಮಕ್ಕಳ ಗೆರೆ ಸ್ವಚ್ಛವಾಗಿ ಇಳಿಯುತ್ತವೆ.

ಮದುವೆಯನ್ನೇ ಒಂದು ಚುಕ್ಕೆ ಮಾಡು ತಮ್ಮಾ. ಗಂಡ, ಹೆಂಡತಿ ಎರಡೂ ಗೆರೆ ಆ ಚುಕ್ಕೆಗೆ ಬರಲಿ, ಮಕ್ಕಳು ಅಲ್ಲಿಂದ ಇಳಿಯಲಿ. ವಂಶಾವಳಿ ಸಾಫ್ಟ್‌ವೇರ್‌ಗಳು ಬಳಸುವ ಗೆಡ್‌ಕಾಮ್ ಫೈಲಿನಲ್ಲೂ ಮನುಷ್ಯರ ದಾಖಲೆ ಬೇರೆ, ಕುಟುಂಬದ ದಾಖಲೆ ಬೇರೆ. ಎರಡನೇ ಮದುವೆಯ ಮಕ್ಕಳು ಯಾರು ಅಂತ ಗೊಂದಲ ಆಗುವುದಿಲ್ಲ.

ಇನ್ನೊಂದು ಮಾತು, ಇದು ನನ್ನ ಮನಸ್ಸಿನದು. ಹೆಣ್ಣುಮಕ್ಕಳು ಮದುವೆಯಾಗಿ ಹೋದ ಮೇಲೆ ಅವರ ಕೆಳಗಿನ ಗೆರೆ ನಿಲ್ಲಿಸಬೇಡ. ನಮ್ಮ ಮನೆಯ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ‘ಸೇಡಂಗೆ ಕೊಟ್ಟಿದೆ’ ಅಂತ ಬರೆದು ಮುಗಿಸಿದ್ದಾರೆ. ನನ್ನ ಎರಡು ಮಕ್ಕಳು ಅದರಲ್ಲಿ ಇಲ್ಲ.

ಆಳಂದ_ಹುಡುಗ:
ಅಕ್ಕಾ, ನಾನು ಬರೆದಿದ್ದರಲ್ಲೂ ಒಂಬತ್ತು ಕಡೆ ಹಾಗೇ ಇದೆ. ಆ ಮನೆಗಳಿಗೆ ಫೋನ್ ಮಾಡಿ ಕೇಳುತ್ತೇನೆ.

ತೊಗರಿಹೊಲ:
ಹೆಳವರು ಹೇಳುವ ಕ್ರಮ ಗಮನಿಸಿದ್ದೀರಾ? ನಮ್ಮೂರಿಗೆ ಬಂದಾಗ ಕೇಳಿದ್ದೇನೆ. ಹಿರಿಯ ಮಗನಿಂದ ಶುರು ಮಾಡಿ ಅವನ ಕೆಳಗಿನ ಎಲ್ಲರನ್ನೂ ಮುಗಿಸಿ, ಆಮೇಲೆ ಎರಡನೆಯವನಿಗೆ ಬಂದರು. ನಮಗೆ ಪಾಠದಲ್ಲಿ ಹೇಳುವ ಡೆಪ್ತ್ ಫಸ್ಟ್ ಅದೇ. ಅವರು ಅದನ್ನು ಯಾವ ಕಾಲದಿಂದ ಮಾಡುತ್ತಾ ಬಂದಿದ್ದಾರೋ!

ಭಾಲ್ಕಿ_ಟು_ಬೆಂಗಳೂರು:
ಪರದೆಯ ಬಗ್ಗೆ ಒಂದು ಮಾತು. 412 ಮಂದಿಯನ್ನು ಒಮ್ಮೆಗೇ ಮೊಬೈಲ್‌ನಲ್ಲಿ ತೋರಿಸಬೇಡಿ. ಒಬ್ಬರನ್ನು ಒತ್ತಿದರೆ ಅವರ ಮೇಲೆ ಎರಡು ತಲೆಮಾರು, ಕೆಳಗೆ ಎರಡು ತಲೆಮಾರು ಸಾಕು. ಬ್ರೌಸರಿನಲ್ಲಿ ಜಾಲ ತೋರಿಸುವ ಸೈಟೋಸ್ಕೇಪ್ ಜೆಎಸ್‌ನಲ್ಲಿ ಸುಲಭವಾಗಿ ಆಗುತ್ತದೆ. ಸ್ಪ್ರಿಂಗ್ ಥರ ಚುಕ್ಕೆ ಜೋಡಿಸುವ ಲೇಔಟ್‌ನಲ್ಲಿ ಇನ್ನೊಂದು ತೊಂದರೆ ಇದೆ. ಶುರುವಿನ ಜಾಗ ಗಟ್ಟಿ ಮಾಡದಿದ್ದರೆ ತೆರೆದಾಗಲೆಲ್ಲ ಚಿತ್ರ ಬೇರೆ ಬರುತ್ತದೆ. ನಿನ್ನೆ ಎಡಕ್ಕಿದ್ದ ದೊಡ್ಡಪ್ಪನ ಮನೆ ಇವತ್ತು ಬಲಕ್ಕೆ. ಹಿರಿಯರಿಗೆ ಅದು ಸರಿ ಅನ್ನಿಸುವುದಿಲ್ಲ. ನಿಯೋ ಫೋರ್ ಜೆ ಮಾತು ವಾಪಸ್ ತಗೊಂಡೆ. ಆಫೀಸಿನಲ್ಲಿ ನಮ್ಮದು ಕೋಟಿಗಟ್ಟಲೆ ಗೆರೆ, ಆ ಅಭ್ಯಾಸದಲ್ಲಿ ಹೇಳಿದ್ದು.

ಬಿದ್ರಿಕಲೆ:
ಪೈಪಿಗೆ ಮಾತ್ರ ಯಾವ ಲೇಔಟೂ ಬೇಡ. ಜಿಪಿಎಸ್ ಹಿಡಿದು ಪ್ರತಿ ಚುಕ್ಕೆಯ ಜಾಗ ತಗೊಳ್ಳಿ, ಜಿಯೋಜೆಸನ್ ಅನ್ನುವ ನಕ್ಷೆ ಫೈಲ್ ಮಾಡಿ, ನಕ್ಷೆಯ ಸಾಫ್ಟ್‌ವೇರ್ ಕ್ಯೂಜಿಐಎಸ್‌ನಲ್ಲಿ ಇಡಿ. ನಮ್ಮ ನೌಬಾದ್ ಕಡೆಯ ಬಹಮನಿ ಕಾಲದ ಸುರಂಗ ಬಾವಿಯನ್ನು ನಾನು ಹಾಗೇ ಬರೆದುಕೊಂಡೆ. ಮೇಲೆ ಕಾಣುವ ಬಾಯಿಗಳು ಚುಕ್ಕೆ, ನೆಲದಡಿಯ ಕಾಲುವೆ ಗೆರೆ. ನೀರು ಇಳಿಜಾರಿನಲ್ಲಿ ಒಂದೇ ಕಡೆ ಹರಿಯುತ್ತದೆ, ಹಾಗಾಗಿ ಗೆರೆಗೆ ಬಾಣ ಬೇಕೇ ಬೇಕು. ಊರಿನ ಪೈಪಿನ ಸುತ್ತಿನಲ್ಲಿ ನೀರು ಯಾವ ಕಡೆಗಾದರೂ ಹೋಗಬಹುದು, ಅಲ್ಲಿ ಬಾಣ ಹಾಕಿದರೆ ತಪ್ಪು.

ಆಳಂದ_ಹುಡುಗ:
ಕ್ಯೂಜಿಐಎಸ್ ನಕ್ಷೆ ಮಾಡಿ ಕಾಕಾನಿಗೆ ತೋರಿಸಿದೆ ಅಣ್ಣಾ. ಅವರಿಗೆ ಹಿಡಿಸಲಿಲ್ಲ. ‘ಇದರಲ್ಲಿ ನನ್ನ ವಾಲ್ ಎಲ್ಲಿ?’ ಅಂದರು. ಊರ ನಡುವೆ ಹತ್ತು ವಾಲ್ ಒಂದರ ಮೇಲೊಂದು ಬಿದ್ದಿವೆ, ಹೊಲದ ಕಡೆ ಬರೀ ಖಾಲಿ. ಆಮೇಲೆ ಅವರೇ ಸುಣ್ಣದ ಕಡ್ಡಿ ತಗೊಂಡು ಕಟ್ಟೆ ಮೇಲೆ ಬರೆದರು. ಟ್ಯಾಂಕು ಮೇಲೆ, ಒಂದು ನೆಟ್ಟಗಿನ ಗೆರೆ, ಅದಕ್ಕೆ ಅಡ್ಡ ಕೊಂಬೆ. ತಾವು ತಿರುಗಿಸುವ ಕ್ರಮದಲ್ಲೇ ಓಣಿಗಳು.

ನಳದನೀರು:
ಅವರು ಬರೆದದ್ದೇ ಸರಿ. ಫೋಟೋ ತೆಗೆದಿಟ್ಟುಕೊಳ್ಳಿ.

ಬಿದ್ರಿಕಲೆ:
ಅಳತೆ ಇಲ್ಲದ ಚಿತ್ರ ಹಿಡಿದು ಅಗೆದರೆ ಪೈಪ್ ಸಿಗುತ್ತದಾ ಸರ್?

ನಳದನೀರು:
ಅಗೆಯೋರಿಗೆ ನಿಮ್ಮ ನಕ್ಷೆ. ತಿರುಗಿಸೋರಿಗೆ ಅವರ ಚಿತ್ರ. ಲಂಡನ್ ಸುರಂಗ ರೈಲಿನದು ನೋಡಿ. 1933ರಲ್ಲಿ ಹ್ಯಾರಿ ಬೆಕ್ ಎಂಬುವರ ಚಿತ್ರ ಬಂತು. ದೂರ, ವಕ್ರ ಎಲ್ಲ ಬಿಟ್ಟು ನಿಲ್ದಾಣದ ಕ್ರಮ, ಎಲ್ಲಿ ಬದಲಿಸಬೇಕು ಅನ್ನುವುದನ್ನು ಮಾತ್ರ ಉಳಿಸಿದರು. ಹತ್ತಿ ಇಳಿಯೋರಿಗೆ ಅದು ಸಾಕು. ಹಳಿ ದುರಸ್ತಿಗೆ ಯಾರೂ ಅದನ್ನು ಒಯ್ಯುವುದಿಲ್ಲ. ಫೈಲ್ ಒಂದೇ ಇರಲಿ, ಚಿತ್ರ ಎರಡು ತೆಗೆಯಿರಿ.

ತೊಗರಿಹೊಲ:
1736ರಲ್ಲಿ ಗಣಿತಜ್ಞ ಆಯ್ಲರ್ ಮಾಡಿದ್ದೂ ಅದನ್ನೇ ಸರ್. ಕೋನಿಗ್ಸ್‌ಬರ್ಗ್‌ನ ಏಳು ಸೇತುವೆಯನ್ನೂ ಒಂದೊಂದೇ ಸಲ ದಾಟಿ ನಡೆಯಬಹುದಾ ಅನ್ನುವ ಪ್ರಶ್ನೆ ಅದು. ಸೇತುವೆ ಎಷ್ಟು ಉದ್ದ ಅಂತ ಅವರು ನೋಡಲೇ ಇಲ್ಲ, ಯಾವ ದಂಡೆಗೆ, ಯಾವ ನಡುಗಡ್ಡೆಗೆ ಎಷ್ಟು ಸೇತುವೆ ಅಂತ ಮಾತ್ರ ನೋಡಿದರು.

ಆಳಂದ_ಹುಡುಗ:
ಹತ್ತು ದಿನದ ನಂತರ ಬರೆಯುತ್ತಿದ್ದೇನೆ. ಟೇಬಲ್ ಬೇರೆ ಬೇರೆ ಮಾಡಿದೆ. ವಂಶಾವಳಿಯಲ್ಲಿ ಮನುಷ್ಯ, ಮದುವೆ ಅಂತ ಎರಡು. ಒಂಬತ್ತು ಮನೆಗೆ ಫೋನ್ ಮಾಡಿದ ಮೇಲೆ 412 ಇದ್ದದ್ದು 449 ಆಯಿತು. ಪೈಪಿನಲ್ಲಿ ವಾಲ್‌ಗಳನ್ನೆಲ್ಲ ಗೆರೆಗೆ ಸೇರಿಸಿದೆ.

ಇವತ್ತು ಬೆಳಿಗ್ಗೆ ಕಾಕಾ ಜೊತೆ ಹೋಗಿ ಹನುಮಪ್ಪನ ಗುಡಿ ಹತ್ತಿರದ ವಾಲ್ ಮುಚ್ಚಿದೆವು. ಪ್ರೋಗ್ರಾಂ ಪ್ರಕಾರ 14 ನಳ ನಿಲ್ಲಬೇಕು. ನಾನು ಓಡಾಡಿ ನೋಡಿದೆ. 13 ನಿಂತವು. ಒಂದರಲ್ಲಿ ನೀರು ಬರುತ್ತಲೇ ಇತ್ತು. ಕಾಕಾನೂ ಬೆರಗಾದರು. ಆ ಮನೆಯ ಅಜ್ಜಿಯನ್ನು ಕೇಳಿದರೆ, ರಸ್ತೆ ಅಗೆದಾಗ ತಮ್ಮ ನಳವನ್ನು ಹಿಂದಿನ ಓಣಿಯ ಪೈಪಿಗೆ ಹಾಕಿಸಿಕೊಂಡಿದ್ದಂತೆ. ಆಗ ಕಾಕಾ ರಜೆಯಲ್ಲಿದ್ದರು.

ಕಾಗಿಣಾ:
ಹಳೆಯ ಗೆರೆ ಅಳಿಸಬೇಡ. ‘ಯಾವಾಗಿನಿಂದ’, ‘ಯಾವಾಗಿನ ತನಕ’ ಅಂತ ಎರಡು ಕಾಲಂ ಹಾಕು. ಹಳೆಯದಕ್ಕೆ ಕೊನೆಯ ವರ್ಷ ಬರೆ, ಹೊಸದನ್ನು ಹೊಸ ಸಾಲಾಗಿ ಸೇರಿಸು.

ನಳದನೀರು:
ಆ ಹಳೆಯ ಜೋಡಣೆ ಕಿತ್ತಿದ್ದಾರಾ, ಬರೀ ಬೂಚು ಬಡಿದಿದ್ದಾರಾ ಕೇಳಿ. ಬೂಚು ಬಡಿದಿದ್ದರೆ ಮುಂದೆ ಅಲ್ಲೇ ಸೋರುತ್ತದೆ.

ಆಳಂದ_ಹುಡುಗ:
ಬೂಚು ಬಡಿದಿದ್ದಾರೆ ಸರ್, ಗುಂಡಿ ತೋಡಿ ನೋಡಿದೆವು. ಫೈಲಿಗೆ ಬರೆದಿದ್ದೇನೆ. ಇನ್ನೂ ಒಂಬತ್ತು ವಾಲ್ ಉಳಿದಿವೆ. ದಿನಕ್ಕೆ ಒಂದು ಮುಚ್ಚಿ ನೋಡೋಣ ಅಂತ ಕಾಕಾನೇ ಹೇಳಿದ್ದಾರೆ.